ಬೇವಿನ ಕವಲಿನಲ್ಲಿ ಜೋಡಿ ಚಪ್ಪಲಿ

"ಇಪ್ಪತ್ತಾರು," ಎಂದಳು ನರ್ಸ್ ಕಾವ್ಯಾ.

ಅದು ಕನಕಮ್ಮನ ಮೈಯೊಳಗಿನ ಬಿಸಿ. ಆಸ್ಪತ್ರೆಯ ಹೊರಗೆ ರಾಯಚೂರಿನ ಮೇ ತಿಂಗಳ ಬಿಸಿಲು ಬೆಳಿಗ್ಗೆ ಒಂಬತ್ತೂವರೆಗೇ ನಲವತ್ತನ್ನು ಮುಟ್ಟಿತ್ತು. ಆಟೋದವರು ಸೀಟಿನ ಮೇಲೆ ಒದ್ದೆ ಟವೆಲು ಹಾಸಿಕೊಂಡು ಕೂತಿದ್ದರು. ಇಂಥ ಊರಿನಲ್ಲಿ ಒಬ್ಬ ಹೆಣ್ಣುಮಗಳ ಜೀವ ಚಳಿಗೆ ಹೋಗುತ್ತಿದೆ ಎಂದರೆ ಯಾರು ನಂಬುತ್ತಾರೆ?

ಪಿಎಸ್‌ಐ ದಾನೇಶ್ವರಿ ಐಸಿಯುವಿನ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಒಳಗೆ ಮಲಗಿದ್ದವಳು ಮಾನ್ವಿ ರಸ್ತೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಹರಿದ ಚೀಲ ಹೊಲಿಯುವ ಕನಕಮ್ಮ. ಶುಕ್ರವಾರ ಸಂಜೆ ಅವಳು ಮೂರನೇ ಕೋಣೆಯೊಳಗಿರುವಾಗ ಹೊರಗಿನಿಂದ ಬಾಗಿಲು ಬಿದ್ದಿತ್ತು. ಶನಿವಾರ ಬೆಳಿಗ್ಗೆ ಆರೂವರೆಗೆ ತೆಗೆದಾಗ ಅವಳು ಗೋಣಿಚೀಲದೊಳಗೆ ಮುದುಡಿಕೊಂಡು ಬಿದ್ದಿದ್ದಳು. ಇಲ್ಲಿಗೆ ತಂದಾಗ ಉಸಿರಿರಲಿಲ್ಲ, ಎದೆಬಡಿತವೂ ಇರಲಿಲ್ಲ.

ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರು ಸತ್ತಳೆಂದು ಬರೆಯಲು ಪೆನ್ನು ತೆಗೆದಿದ್ದರು. ಡಾಕ್ಟರ್ ಮುಕರ್ರಂ ಆ ಪೆನ್ನನ್ನೇ ಕಸಿದುಕೊಂಡಿದ್ದರು.

"ಮೈ ಬೆಚ್ಚಗಾದ ಮ್ಯಾಲೂ ಏಳಲಿಲ್ಲಂದ್ರ ಆಗ ಬರಿಯೋಣು. ತಣ್ಣಗಿದ್ದಾಕಿನ್ನ ನಾ ಹೆಣಾ ಅನ್ನಂಗಿಲ್ಲ. ಎದಿ ಒತ್ತೂದು ಬಿಡಬ್ಯಾಡ್ರಿ."

ನಾಲ್ಕು ಜನ ಸರದಿಯ ಮೇಲೆ ಒಂದೂಕಾಲು ತಾಸು ಎದೆ ಒತ್ತಿದ್ದರು. ಅಷ್ಟರಲ್ಲಿ ಮುಕರ್ರಂ ಐಸಿಯುವಿನ ಹಿಂಬದಿಯ ಸಾಮಾನು ಕೋಣೆಯಿಂದ ಆ ಯಂತ್ರವನ್ನು ತಳ್ಳಿಸಿಕೊಂಡು ಬಂದರು. ಕೋವಿಡ್ ಕಾಲದಲ್ಲಿ ಬಂದಿದ್ದ ಯಂತ್ರ. ಆಮೇಲೆ ಅದಕ್ಕೆ ಬಿಳಿ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದ್ದರು, ನರ್ಸುಗಳು ಅದರ ಮೇಲೆ ಊಟದ ಚೀಲ ಇಡುತ್ತಿದ್ದರು. ಹೈದರಾಬಾದಿನಲ್ಲಿ ಅದನ್ನು ನಡೆಸಲು ಕಲಿತು ಬಂದಿದ್ದ ಮುಕರ್ರಂ ಮಾತ್ರ ವಾರಕ್ಕೊಮ್ಮೆ ಬಟ್ಟೆ ಸರಿಸಿ, ಒರೆಸಿ, ಚಾಲೂ ಮಾಡಿ ನೋಡುತ್ತಿದ್ದರು. ಡಾಕ್ಟರಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ಇವತ್ತು ಯಾರೂ ನಗಲಿಲ್ಲ.

ಕನಕಮ್ಮನ ತೊಡೆಯ ಬುಡದಿಂದ ಒಂದು ಕೊಳವೆಯಲ್ಲಿ ಕಪ್ಪು ರಕ್ತ ಹೊರಗೆ ಬರುತ್ತಿತ್ತು. ಯಂತ್ರದೊಳಗೆ ಹೋಗಿ, ಬಿಸಿಯನ್ನೂ ಉಸಿರನ್ನೂ ತುಂಬಿಕೊಂಡು, ಇನ್ನೊಂದು ಕೊಳವೆಯಲ್ಲಿ ಕೆಂಪಗೆ ಮರಳಿ ಒಳಗೆ ಹೋಗುತ್ತಿತ್ತು. ನಿಂತ ಎದೆಯ ಕೆಲಸವನ್ನು ಯಂತ್ರ ಮಾಡುತ್ತಿತ್ತು.

"ಇಪ್ಪತ್ತೇಳು."

ಮುಕರ್ರಂ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಮೇಡಂ, ರಕ್ತದ ರಿಪೋರ್ಟ್ ಬಂದದ. ಪೊಟ್ಯಾಶಿಯಂ ಏರಿಲ್ಲ."

"ಅಂದ್ರ ಏನ್ರಿ?"

"ಮೊದಲು ಮೈ ತಣ್ಣಗಾಗ್ಯದ, ಎದಿ ನಿಂತದ್ದು ಆಮ್ಯಾಲ. ಅಷ್ಟು ತಣ್ಣಗಾದ ಮೆದುಳಿಗೆ ಉಸಿರು ಭಾಳ ಬೇಕಾಗಂಗಿಲ್ಲ. ಅದಕ್ಕಾ ಆಸೆ ಅದ. ಆದ್ರ ಅವಸರ ಮಾಡಂಗಿಲ್ಲ. ಮೆಲ್ಲಕ ಬಿಸಿ ಮಾಡಬೇಕು."

"ಅಕಿ ಮಾತಾಡ್ತಾಳನ್ರಿ ಡಾಕ್ಟರಾ?"

ಕೇಳಿದ್ದು ದಾನೇಶ್ವರಿಯಲ್ಲ, ಅವಳ ಹಿಂದೆ ಗೋಡೆಗೆ ಆತು ನಿಂತಿದ್ದ ಹುಲಿಗೇಶ. ಅವಳ ತಾಯಿಯ ತಮ್ಮ. ಕೋಲ್ಡ್ ಸ್ಟೋರೇಜಿನ ಹಮಾಲರನ್ನು ದುಡಿಸುವ ಮುಕಾದಮ. ಬೆಳಿಗ್ಗೆ ಕನಕಮ್ಮನನ್ನು ಹೆಗಲ ಮೇಲೆ ಹೊತ್ತು ಜೀಪಿನವರೆಗೆ ಓಡಿದವನು ಅವನೇ. ಕನಕಮ್ಮನಿಗೆ ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಒಪ್ಪಿಗೆಯ ಕಾಗದದ ಮೇಲೆ ಸಂಬಂಧ ಎಂದಿದ್ದ ಕಡೆ 'ಅಣ್ಣ' ಎಂದು ಬರೆಸಿ ಸಹಿ ಹಾಕಿದವನೂ ಅವನೇ.

"ಮೊದಲು ಎದಿ ಬಡೀಲಿ ಯಜಮಾನ್ರ," ಎಂದು ಮುಕರ್ರಂ ಮತ್ತೆ ಒಳಗೆ ಹೋದರು.

ದಾನೇಶ್ವರಿಗೆ ಅಪ್ಪನ ಮುಖ ನೆನಪಿಲ್ಲ. ನೆನಪಿರುವುದು ಮಾಮನ ಹೆಗಲು. ತಮ್ಮೂರು ಕುರ್ಡಿಯಿಂದ ಮಾನ್ವಿಯ ಹೈಸ್ಕೂಲಿಗೆ ಸೇರಿಸಿದ್ದು ಮಾಮ, ಪರೀಕ್ಷೆಗೆ ಕೂರಿಸಿದ್ದು ಮಾಮ, ನಕ್ಷತ್ರದ ಪಟ್ಟಿ ಹೆಗಲಿಗೆ ಬಂದ ದಿನ ಓಣಿಯ ತುಂಬ ಪೇಢೆ ಹಂಚಿದ್ದೂ ಮಾಮ. ಅವನು ಈಗ ಬರಿಗಾಲಲ್ಲಿ ನಿಂತಿದ್ದ. ಐಸಿಯುವಿನ ಎರಡೂ ಬಾಗಿಲಿಗೆ ಸೇರಿ ಇದ್ದ ಒಂದೇ ಚಪ್ಪಲಿ ಹಲಗೆಯ ಮೇಲೆ ಅವನ ಟೈರಿನ ಚಪ್ಪಲಿ ಕೂತಿದ್ದವು. ಬಲಗಾಲಿನ ಪಟ್ಟಿ ಹರಿದಿತ್ತು. ಅದನ್ನು ಚೀಲ ಹೊಲಿಯುವ ಸುತಳಿಯಿಂದ ದಪ್ಪಗೆ ಹೊಲಿದುಕೊಟ್ಟವಳು ಇದೇ ಕನಕಮ್ಮ.

ಹತ್ತೂಮುಕ್ಕಾಲಿಗೆ "ಮೂವತ್ತು" ಎಂಬ ಮಾತು ಕೇಳಿಸಿತು. ಕನಕಮ್ಮನ ಎದೆಗೆ ಒಮ್ಮೆ ಷಾಕ್ ಕೊಟ್ಟರು. ಪರದೆಯ ಮೇಲೆ ಅಡ್ಡಾದಿಡ್ಡಿ ನಡುಗುತ್ತಿದ್ದ ಗೆರೆ ನಿಂತುಹೋಯಿತು. ಕಾವ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಒಂದು ಏರು. ಇನ್ನೊಂದು. ಮತ್ತೊಂದು.

"ಬಡೀತು!" ಮುಕರ್ರಂ ಗಾಜಿನ ಆಚೆಯಿಂದ ಕೂಗಿದ್ದು ಕಾರಿಡಾರಿಗೆಲ್ಲ ಕೇಳಿತು.

ದಾನೇಶ್ವರಿ ಅತ್ತುಬಿಟ್ಟಳು. ಪೊಲೀಸರು ಅಳಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಹುಲಿಗೇಶ ನಿಂತಲ್ಲೇ ಕುಸಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಕೇಳಿದ.

"ದಾನಿ, ಅಕಿ ಮಾತಾಡ್ತಾಳಾ?"

ಆಗ ಅವಳಿಗೆ ಅದು ಪ್ರೀತಿಯ ಮಾತಾಗಿಯೇ ಕೇಳಿಸಿತು.

*

ಭಾನುವಾರ ಮಧ್ಯಾಹ್ನ ಕಾವ್ಯಾ ಸ್ಟೇಷನ್ನಿಗೆ ಒಂದು ಗಂಟು ತಂದುಕೊಟ್ಟಳು. ಕನಕಮ್ಮನ ಸೀರೆ, ಅವಳು ಸಿಕ್ಕ ಗೋಣಿಚೀಲ, ಒಂದು ದಬ್ಬಣ. ಕನಕಮ್ಮ ಆ ಉದ್ದನೆಯ ಸೂಜಿಯನ್ನು ಹಗಲೆಲ್ಲ ತುರುಬಿಗೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು.

"ಇದು ಅಕಿ ಮುಷ್ಟ್ಯಾಗ ಇತ್ರಿ. ಬೆರಳು ಬಿಡಸಾಕ ನಮಗ ಸಾಕಾತು. ಮತ್ತ ಸೀರಿ ಬರೋವಾಗ ಒದ್ದೀನಾ ಇತ್ತು."

ಸ್ಟೇಷನ್ನಿನಲ್ಲಿ ಎಲ್ಲರೂ ಒಂದು ತೀರ್ಮಾನಕ್ಕೆ ಬಂದಾಗಿತ್ತು. ಕನಕಮ್ಮನನ್ನು ಚೀಲದೊಳಗೆ ತುಂಬಿ ಹೊಲಿದು ಹಾಕಿದ್ದಾರೆ, ಅದು ಇಬ್ಬರು ಗಂಡಸರ ಕೆಲಸ, ಬಾಗಿಲು ಕಾಯುವ ಮುದುಕ ಪೀರಾ ಸಾಬ್ ಅದರಲ್ಲಿ ಒಬ್ಬ. ಅವನನ್ನು ನಿನ್ನೆಯಿಂದ ಬೆಂಚಿನ ಮೇಲೆ ಕೂರಿಸಿದ್ದರು.

ದಾನೇಶ್ವರಿ ಚೀಲ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಅವಳ ಅವ್ವ ಶರಣಮ್ಮನೂ ಹದಿನೈದು ವರ್ಷ ಚೀಲ ಹೊಲಿದವಳೇ. ಎರಡು ಚೀಲ ಕೂಡಿಸಿ ಒಂದು ಮಾಡಿದ್ದರು. ಹೊಲಿಗೆ ಮೊದಮೊದಲು ಒತ್ತಾಗಿ, ನೇರವಾಗಿ ಹೋಗಿತ್ತು. ಬರಬರುತ್ತಾ ಓರೆಯಾಗಿ, ದೂರದೂರವಾಗಿ, ಕೊನೆಗೆ ಎಲ್ಲೆಲ್ಲೋ ಚುಚ್ಚಿತ್ತು. ಸುತಳಿಯ ಗಂಟು ಚೀಲದ ಒಳಮಗ್ಗುಲಲ್ಲಿತ್ತು.

ಹೊರಗೆ ನಿಂತು ಹೊಲಿದವರು ಗಂಟನ್ನು ಒಳಗೆ ಹಾಕಲು ಆಗುವುದಿಲ್ಲ.

ಕನಕಮ್ಮನನ್ನು ಯಾರೂ ತುಂಬಿರಲಿಲ್ಲ. ಆ ಕತ್ತಲೆಯಲ್ಲಿ, ಆ ಚಳಿಯಲ್ಲಿ, ಬೆರಳು ಮರಗಟ್ಟುವ ತನಕ ತನ್ನನ್ನು ತಾನೇ ಚೀಲದೊಳಗೆ ಹೊಲಿದುಕೊಂಡಿದ್ದಳು. ಬದುಕಬೇಕು ಎಂದು ಹೊಲಿದುಕೊಂಡಿದ್ದಳು.

ಹಾಗಾದರೆ ಬಲವಂತದಿಂದ ಎಳೆದೊಯ್ದದ್ದಲ್ಲ. ಕನಕಮ್ಮ ತಾನಾಗಿ ಒಳಗೆ ಹೋಗಿದ್ದಾಳೆ. ಅದೂ ಒದ್ದೆ ಸೀರೆಯಲ್ಲಿ. ಬೇಸಿಗೆಯಲ್ಲಿ ಅಲ್ಲಿಯ ಹೆಣ್ಣುಮಕ್ಕಳು ಕೆಲಸ ಮುಗಿದ ಮೇಲೆ ನಳದ ಕೆಳಗೆ ಕೂತು ಉಟ್ಟ ಸೀರೆಯಲ್ಲೇ ನಾಲ್ಕು ಚೊಂಬು ಸುರುವಿಕೊಂಡು, ಖಾರದ ಉರಿ ತೊಳೆದುಕೊಂಡು ಮನೆಗೆ ಹೋಗುತ್ತಾರೆ. ಮನೆ ಮುಟ್ಟುವುದರೊಳಗೆ ಸೀರೆ ಒಣಗಿರುತ್ತದೆ. ಮೈ ತೊಳೆದುಕೊಂಡ ಮೇಲೆ ಯಾವ ಹೆಣ್ಣುಮಗಳೂ ಮತ್ತೆ ಕೋಣೆಯೊಳಗೆ ಕಾಲಿಡುವುದಿಲ್ಲ. ಇಲ್ಲ ಎನ್ನಲಾಗದಂಥ ಹೆಸರು ಹೇಳಿ ಯಾರೋ ಕರೆದಿರಬೇಕು.

ಮಾಲೀಕ ಪ್ರಭುರಾಜ ಅಲ್ಲ. ಅವನು ಶುಕ್ರವಾರ ಇಡೀ ದಿನ ದೇವದುರ್ಗದಲ್ಲಿ ಮಾಲು ನೋಡುತ್ತಿದ್ದ, ಹತ್ತು ಜನ ಸಾಕ್ಷಿ ಇದ್ದಾರೆ.

ಅವಳು ಬೆಂಚಿನ ಹತ್ತಿರ ಹೋಗಿ ಪೀರಾ ಸಾಬನ ಎದುರು ಕುರ್ಚಿ ಎಳೆದುಕೊಂಡಳು.

"ಇನ್ನೊಮ್ಮಿ ಹೇಳ್ರಿ ಚಾಚಾ. ಬಾಗಿಲಾ ಹಾಕೋವಾಗ ಚಪ್ಲಿ ನೋಡಿದ್ರಾ?"

"ಖುದಾ ಕಸಂ ನೋಡೀನವ್ವಾ. ಹದಿನೆಂಟು ವರ್ಷದಾಗ ನೋಡದಾ ಒಂದು ದಿನಾ ಬಾಗಿಲಾ ಹಾಕಿಲ್ಲ. ಮೂರನೇ ಕ್ವಾಣಿ ಮುಂದ ಒಂದ ಚಪ್ಲಿ ಇದ್ದಿಲ್ಲ."

ದೇವದುರ್ಗದಿಂದಲೋ ಸಿರವಾರದಿಂದಲೋ ಮೆಣಸಿನಕಾಯಿ ತರುವ ರೈತರಿಗೆ ಅದು ಲಕ್ಷ್ಮಿ. ಕೋಣೆಯೊಳಗೆ ಯಾರೂ ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೋಗುವಂತಿಲ್ಲ. ಹಮಾಲರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಹೋಗುತ್ತಾರೆ. ಅದೇ ನಡೆದು ನಡೆದು ಲೆಕ್ಕವಾಗಿಬಿಟ್ಟಿತ್ತು. ಚಪ್ಪಲಿ ಇದ್ದರೆ ಮನುಷ್ಯ ಒಳಗಿದ್ದಾನೆ, ಇಲ್ಲದಿದ್ದರೆ ಬಾಗಿಲು ಹಾಕು. ಇದಕ್ಕಿಂತ ಬೇರೆ ರಿಜಿಸ್ಟರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

"ಒಳಗಿನ ಗಂಟಿ?"

"ಅದು ಹ್ವಾದ ವರ್ಷದಿಂದ ಕೆಟ್ಟದಲ್ಲವ್ವಾ. ನಿಮ್ಮ ಮಾಮಾಗ ನೂರು ಸರ್ತಿ ಹೇಳೀನಿ."

ಹೋದ ವರ್ಷ. ಅದೇ ಮೂರನೇ ಕೋಣೆ. ಕನಕಮ್ಮನ ಗಂಡ ವೆಂಕೋಬ ಅಂಗಳದಲ್ಲಿ ಎದೆ ನೋವು ಬಂದು ಸತ್ತನೆಂದು ಕಾಗದ ಹೇಳುತ್ತದೆ. ಕನಕಮ್ಮ ಬುಧವಾರ ದಾನೇಶ್ವರಿಯ ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಬೇರೆಯದನ್ನೇ ಹೇಳಿದ್ದಳು. ಗಂಡ ಸತ್ತದ್ದು ಅಂಗಳದಲ್ಲಲ್ಲ, ಕೋಣೆಯೊಳಗೆ. ಹೊರಗೆ ಹೊತ್ತು ಹಾಕಿದ್ದನ್ನು ನೋಡಿದವರು ಈಗ ಬಾಯಿ ಬಿಟ್ಟಿದ್ದಾರೆ. "ಸೋಮವಾರ ಬಂದು ಬರಸ್ತೀನಿ ಯವ್ವಾ. ಅಲ್ಲೀತನಾ ಯಾರ ಮುಂದೂ ಅನಬ್ಯಾಡ. ನಿನ್ನೊಬ್ಬಾಕಿನ್ನ ನಂಬಿ ಬಂದೀನಿ."

ಯಾರ ಮುಂದೂ ಅಂದಿರಲಿಲ್ಲ ದಾನೇಶ್ವರಿ. ಗುರುವಾರ ರಾತ್ರಿ ಊಟಕ್ಕೆ ಕೂತಾಗ ಮಾಮನ ಮುಂದೆ ಮಾತ್ರ ಅಂದಿದ್ದಳು. ಮಾಮ ಯಾರೋ ಅಲ್ಲವಲ್ಲ.

ಆ ಊಟ ನೆನಪಾಗಿ ಅವಳು ಕುರ್ಚಿಯಿಂದ ಎದ್ದಳು.

*

ರಜೆಯ ದಿನ. ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಯಂತ್ರದ ಗುಂಯ್ ಸದ್ದು ಬಿಟ್ಟರೆ ಮೂರು ಬೀದಿ ನಾಯಿಗಳಷ್ಟೇ. ಈ ನಾಯಿಗಳ ಹಲ್ಲಿಗೆ ಚಪ್ಪಲಿಯೆಂದರೆ ಪ್ರಾಣ. ಹಮಾಲರು ದಿನಾ ಬಯ್ಯುತ್ತಾರೆ, ನಾಯಿಗಳು ದಿನಾ ಬಯ್ಯಿಸಿಕೊಳ್ಳುತ್ತವೆ.

ದಾನೇಶ್ವರಿ ಸ್ಟೇಷನ್ನಿನಿಂದ ಮನೆಗೆ ಹೋಗಿ ಯೂನಿಫಾರ್ಮು ಬದಲಿಸಿ, ಚೂಡಿದಾರದಲ್ಲಿ, ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಕನಕಮ್ಮನ ಚಪ್ಪಲಿ ಹುಡುಕಬೇಕಿತ್ತು. ಕೋಣೆಯ ಮುಂದೆ ಇರಲಿಲ್ಲವೆಂದರೆ ಯಾರೋ ಎತ್ತಿದ್ದಾರೆ. ಎತ್ತಿದವರು ಎಲ್ಲಿ ಇಟ್ಟರು? ಕಾಂಪೌಂಡಿನ ಆಚೆ, ಕಸದ ಗುಂಡಿ, ಲಾರಿ ತೂಗುವ ಕಟ್ಟೆಯ ಕೆಳಗೆ ಎಲ್ಲ ನೋಡಿ, ಬೆವರು ಸುರಿದು, ನಳದ ಪಕ್ಕದ ಬೇವಿನ ನೆರಳಿಗೆ ಬಂದು ನಿಂತು ಸುಮ್ಮನೆ ತಲೆ ಎತ್ತಿದಳು.

ಕೈಗೆ ಎಟಕುವಷ್ಟು ಎತ್ತರದ ಕವಲಿನಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ. ಅಂಗಾಲಿಗೆ ಅಂಗಾಲು ಕೂಡಿಸಿ, ಒಂದರ ಪಟ್ಟಿಯನ್ನು ಇನ್ನೊಂದರೊಳಗೆ ಸಿಕ್ಕಿಸಿ, ಬೀಳದ ಹಾಗೆ ಒತ್ತಿ ಇಟ್ಟಿದ್ದರು.

ಅವಳು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ.

ಕುರ್ಡಿಯಲ್ಲಿ ಅವಳಿಗೆ ಆರು ವರ್ಷ. ಮಾನ್ವಿಯ ಸಂತೆಯಲ್ಲಿ ಮಾಮ ಕೊಡಿಸಿದ ಕೆಂಪು ಚಪ್ಪಲಿ. ಮಾಮನ ಅಪ್ಪ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರಗೌಡರ ಓಣಿ ದಾಟಿದವನು. ಮಾಮನಿಗೆ ಹದಿನೆಂಟರ ತನಕ ಚಪ್ಪಲಿಯೇ ಇರಲಿಲ್ಲ. ದಿನಾ ಸಂಜೆ ಅವಳ ಚಪ್ಪಲಿಯ ಧೂಳು ಕೊಡವಿ, ಅಂಗಾಲಿಗೆ ಅಂಗಾಲು ಕೂಡಿಸಿ, ಪಟ್ಟಿ ಸಿಕ್ಕಿಸಿ, ಜಾಲಿಯ ಕವಲಿನಲ್ಲಿ ಇಟ್ಟು ಹೇಳುತ್ತಿದ್ದ. "ನಾಯಿ ಒಯ್ಯಬಾರದವ್ವ. ಇವು ಹ್ವಾದ್ರ ನೀ ಸಾಲಿಗೆ ಹೆಂಗ ಹೋಗ್ತಿ?" ಬೇರೆ ಯಾರೂ ಹಾಗೆ ಇಡುವುದನ್ನು ಅವಳು ಕಂಡಿರಲಿಲ್ಲ.

ತನ್ನ ಅನುಮಾನ ತಪ್ಪಾಗಲಿ ಎಂದು ಅವಳು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಳು. ಚಪ್ಪಲಿಯ ಫೋಟೊ ತೆಗೆದು, ಅವನ್ನು ಇಳಿಸಿ ಚೀಲಕ್ಕೆ ಹಾಕಿ, ಫೋನು ಹಚ್ಚಿದಳು.

"ಮಾಮಾ, ಮೂರನೇ ಕ್ವಾಣಿ ನೋಡಬೇಕಾಗ್ಯದ. ಕೀಲಿ ತಗೊಂಡು ಬರ್ರಿ."

ಹುಲಿಗೇಶ ಹತ್ತು ನಿಮಿಷದಲ್ಲಿ ಬಂದ. ಕೈಯಲ್ಲಿ ಮಜ್ಜಿಗೆಯ ಬಾಟಲಿ. "ಬಿಸಿಲಾಗ ನಿಂತೀದಿ. ಮೊದಲು ಕುಡಿ."

ಕುಡಿದಳು. ಮೂರನೇ ಕೋಣೆಯ ದಪ್ಪ ಬಾಗಿಲು ತೆರೆದಾಗ ಖಾರದ ವಾಸನೆಯ ತಣ್ಣನೆಯ ಹೊಗೆ ಕಾಲಿಗೆ ಸುತ್ತಿಕೊಂಡಿತು. ದಾನೇಶ್ವರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ನಾಯಿಗಳು ಹತ್ತಿರದಲ್ಲೇ ಮೂಸಾಡುತ್ತಿದ್ದವು.

"ನೀವು ಇಲ್ಲೇ ಇರ್ರಿ ಮಾಮಾ. ನಾ ಒಬ್ಬಾಕೀನ ನೋಡಿ ಬರ್ತೀನಿ."

ಚೀಲಗಳ ಸಾಲಿನ ನಡುವೆ ಮೊಬೈಲಿನ ಬೆಳಕು ಹಿಡಿದು ನಡೆದಳು. ಕನಕಮ್ಮ ಖಾಲಿ ಮಾಡಿದ ಎರಡು ಚೀಲದ ಮೆಣಸಿನಕಾಯಿ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಗಂಟೆಯ ಗುಂಡಿ ಇತ್ತು. ಅದರ ತಂತಿ ತುಂಡಾಗಿತ್ತು. ಗುಂಡಿಯ ಸುತ್ತ ಗೋಡೆಯ ಮೇಲೆ ಉಗುರಿನ ಗೀರು.

ಹಿಂದೆ ಧಪ್ ಎಂದಿತು. ಬೆಳಕು ಹೋಯಿತು.

ಬಾಗಿಲು ಮುಚ್ಚಿತ್ತು. ದಾನೇಶ್ವರಿ ಕೂಗಲಿಲ್ಲ. ಫ್ಯಾನಿನ ಗಾಳಿ ಬೆವರಿದ ಬೆನ್ನಿಗೆ ಹತ್ತಿ ಹಲ್ಲು ಕಟಕಟಿಸಿದವು. ಒಂದು, ಎರಡು, ಮೂರು. ಮಾಮ ತೆಗೆಯುತ್ತಾನೆ. ಒಂಬತ್ತು, ಹತ್ತು. ತನ್ನ ಮಾಮ ತೆಗೆದೇ ತೆಗೆಯುತ್ತಾನೆ. ಇಪ್ಪತ್ತೆರಡನ್ನು ಎಣಿಸುವಾಗ ಬಾಗಿಲು ತೆರೆಯಿತು.

"ಹೆದರಿದ್ಯಾ ದಾನಿ? ಗಾಳಿಗೆ ಮುಚ್ಚಿತ್ತು ನೋಡು."

ಆ ಮಧ್ಯಾಹ್ನ ಹೊರಗೆ ಬೇವಿನ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ.

ಅವಳು ಹೊಸ್ತಿಲಲ್ಲಿ ನಿಂತು ನೆಲ ನೋಡಿದಳು. ಬಿಟ್ಟ ಕಡೆ ಚಪ್ಪಲಿ ಇರಲಿಲ್ಲ. ಗೋಡೆಗೆ ಬಡಿದ ಕಬ್ಬಿಣದ ಏಣಿಯ ಮೂರನೇ ಮೆಟ್ಟಿಲ ಸಂದಿಯಲ್ಲಿದ್ದವು. ಅಂಗಾಲಿಗೆ ಅಂಗಾಲು. ಪಟ್ಟಿಯೊಳಗೆ ಪಟ್ಟಿ.

"ನಾಯಿ ಒಯ್ತಿದ್ವು," ಎಂದ ಹುಲಿಗೇಶ.

ದಾನೇಶ್ವರಿ ಚೀಲದಿಂದ ಕನಕಮ್ಮನ ಚಪ್ಪಲಿ ತೆಗೆದು, ಇದ್ದ ಹಾಗೆಯೇ ಜೋಡಿಯಾಗಿ, ಅವನ ಎದುರಿಗೆ ಹಿಡಿದಳು.

ಅವನು ಅದನ್ನು ನೋಡಿದ. ಏಣಿಯನ್ನು ನೋಡಿದ. ತನ್ನ ಎರಡೂ ಕೈ ನೋಡಿಕೊಂಡ.

"ಕೊಲ್ಲಾಕ ಒಳಗ ಹಾಕಿದಾಕಿ ಚಪ್ಲಿ, ನಾಯಿ ಒಯ್ದ್ರ ಒಯ್ಲಿ ಅಂತ ಬಿಡಬೇಕಿತ್ತಲ್ಲ ಮಾಮಾ."

"ಬಡವಿ ಚಪ್ಲಿ ದಾನಿ," ಎಂದ ಅವನು. ಅಷ್ಟು ಹೇಳಿ ಗೋಡೆಗುಂಟ ಜಾರಿ ಕೂತ. "ಕೈ ತಾನಾ ಇಟ್ಟುಬಿಡ್ತು."

ಅವಳಿಗೆ ಕಿರುಚಬೇಕು ಅನಿಸಿತು. ಅವನ ಅಂಗಿಯ ಕಾಲರು ಹಿಡಿದು ಅಲುಗಾಡಿಸಬೇಕು ಅನಿಸಿತು. ಬಂದದ್ದು ಸಣ್ಣ ದನಿ.

"ಯಾಕ?"

"ವೆಂಕೋಬನ ಮ್ಯಾಲ ಬಾಗಿಲಾ ಹಾಕಿದಾಂವ ನಾನಾ. ಪೀರಾ ಸಾಬ್ ಅವತ್ತು ಉರುಸಿಗೆ ಹೋಗಿದ್ದ, ಬಾಗಿಲಾ ನನ್ನ ಕೈಯಾಗ ಇತ್ತು. ಸಾವಕಾರ ಪ್ರಭುರಾಜ ಹೊಸ ರಬ್ಬರಿನ ಬೂಟು ತರಿಸಿದ್ದ. ವೆಂಕೋಬ ಅದನ್ನ ಹಾಕ್ಕೊಂಡಾ ಒಳಗ ಹೋಗ್ಯಾನ. ಹೊರಗ ಚಪ್ಲಿ ಇದ್ದಿಲ್ಲ. ನಾ ಹಾಕೀನಿ." ಅವನು ಮೂರನೇ ಕೋಣೆಯ ಬಾಗಿಲ ಕಡೆ ನೋಡಿದ. "ಮುಂಜಾನಿ ತೆಗದ್ರ ಬಾಗಿಲ ಬುಡಕಾ ಬಿದ್ದಿದ್ದ. ಸಾವಕಾರ ಅಂದ, ಅಂಗಳದಾಗ ಹಾಕು, ಬಾಯಿ ಮುಚ್ಚು, ನಿಮ್ಮ ದಾನಿಗೆ ಈಗ ಹೊಸದಾಗಿ ನೌಕರಿ ಬಂದದ, ಮಾಮಾ ಜೇಲಿಗೆ ಹ್ವಾದ್ರ ಅಕಿ ಗತಿ ಏನು ಅಂದ."

"ನನ್ನ ಹೆಸರು ತರಬ್ಯಾಡ್ರಿ."

"ಖರೇ ಹೇಳಾಕತ್ತೀನಿ. ಅದು ತಪ್ಪಾಗಿತ್ತು. ಕೈತಪ್ಪು."

"ಮತ್ತ ಶುಕ್ರವಾರದ್ದು? ಅದೂ ಕೈತಪ್ಪೇನು?"

ಹುಲಿಗೇಶ ತಲೆ ಎತ್ತಲಿಲ್ಲ. "ಮುಂಜಾನಿ ತೆಗದಾಗ ಅಕಿ ಮೂಗಿನ ಹತ್ರ ಕೈ ಹಿಡದೆ. ಇಲ್ಲ ಅನಿಸ್ತು. ಆದ್ರೂ ಹೊತ್ಕೊಂಡು ಓಡಿದೆ. ಯಾಕ ಓಡಿದೆ ಅಂತ ನನಗೂ ಗೊತ್ತಿಲ್ಲ. ಉಳೀಲಿ ಅಂತ ಓಡಿದೆನೋ, ನೋಡಿದವರು ಅನುಮಾನ ಪಡಬಾರದು ಅಂತ ಓಡಿದೆನೋ."

"ಮೈ ತೊಳಕೊಂಡಾಕಿನ್ನ ಏನಂತ ಒಳಗ ಕರದ್ರಿ?"

ಅವನು ಏಣಿಯ ಕಡೆ ಮುಖ ತಿರುಗಿಸಿದ.

"ಮಾಮಾ, ಏನಂತ ಕರದ್ರಿ?"

"ಅದೊಂದು ಕೇಳಬ್ಯಾಡವ್ವಾ."

ಕಾನೂನು ಅವಳಿಗೆ ಗೊತ್ತಿತ್ತು. ಅವನನ್ನು ಅಲ್ಲೇ ಜೀಪಿಗೆ ಹತ್ತಿಸಬೇಕಿತ್ತು. ಆ ಅಂಗಳದಲ್ಲಿ ಇದ್ದವರು ಅವರಿಬ್ಬರೇ, ಕೇಳಿಸಿಕೊಂಡವರು ಯಾರೂ ಇಲ್ಲ, ಮಾತಿಗೆ ಸಾಕ್ಷಿಯಿಲ್ಲ. ಇದೆಲ್ಲ ಗೊತ್ತಿತ್ತು. ಆದರೆ ಅವನು ಎರಡು ಕೈ ಮುಗಿದ. ಅವಳನ್ನು ಹೊತ್ತು ತಿರುಗಿದ ಕೈಗಳು.

"ಒಂದು ರಾತ್ರಿ ಕೊಡು ದಾನಿ. ಕುರ್ಡಿಗೆ ಹೋಗಿ ನಿಮ್ಮವ್ವಗ ನಾನಾ ಹೇಳ್ತೀನಿ. ಪೇಪರಿನಾಗ ಓದಿ ತಿಳೀಬಾರದು ಅಕಿಗೆ. ನಾಳಿ ಎಂಟಕ್ಕ ನಾನಾ ಸ್ಟೇಷನ್ನಿಗೆ ಬರ್ತೀನಿ. ನಿನ್ನಾಣಿ."

ಅವಳು ಬಿಟ್ಟಳು.

*

ಸೋಮವಾರ ಎಂಟಾಯಿತು, ಒಂಬತ್ತಾಯಿತು. ಹುಲಿಗೇಶ ಬರಲಿಲ್ಲ. ಕುರ್ಡಿಗೆ ಫೋನು ಮಾಡಿದರೆ ಅವ್ವ, "ನಿಮ್ಮ ಮಾಮಾ ಇತ್ತಾಗ ಬಂದಾ ಇಲ್ಲಲ್ಲ ಬೇ," ಎಂದಳು. ಅವನ ಮೊಬೈಲು ಬಂದ್.

ಮಾಮ ತನ್ನ ಆಣೆ ಮುರಿದದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಒಂಬತ್ತೂವರೆಗೆ ಮುಕರ್ರಂ ಫೋನು ಮಾಡಿದರು. ದನಿಯಲ್ಲಿ ಹಬ್ಬವಿತ್ತು. "ಮೇಡಂ, ನಿನ್ನಿ ಯಂತ್ರಾ ತೆಗದ್ವಿ. ಈಗ ಗಂಟಲದಾಗಿನ ಕೊಳವೀನೂ ತೆಗದೀವಿ. ಹೆಸರು ಹೇಳಿದ್ಳು, ಊರು ಹೇಳಿದ್ಳು. ತಹಶೀಲ್ದಾರ್ ಮೇಡಂ ಹೇಳಿಕಿ ತಗೊಳ್ಳಾಕ ಬಂದಾರ. ಲಗೂ ಬರ್ರಿ!"

ಯೂನಿಫಾರ್ಮಿನಲ್ಲೇ ಓಡಿದಳು. ಐಸಿಯುವಿನ ಚಪ್ಪಲಿ ಹಲಗೆಯ ಮೇಲೆ ಬೂಟು ಕಳಚಿಟ್ಟು ಬರಿಗಾಲಲ್ಲಿ ಒಳಗೆ ಹೋದಳು.

ಕನಕಮ್ಮ ದಿಂಬಿಗೆ ಒರಗಿ ಕೂತಿದ್ದಳು. ಬೆರಳ ತುದಿಗಳಿಗೆಲ್ಲ ಬಿಳಿ ಪಟ್ಟಿ. ಮಗ್ಗುಲಲ್ಲಿ ತಹಶೀಲ್ದಾರ್ ವೀರಭದ್ರಮ್ಮ ಕಾಗದ ಹಿಡಿದು ಕೂತಿದ್ದರು. ಸತ್ತು ಹುಟ್ಟಿದ ಆ ಮುಖ ನೋಡಿದ್ದೇ ದಾನೇಶ್ವರಿ ಎಲ್ಲ ಮರೆತು, ಹತ್ತಿರ ಹೋಗಿ, ಅವಳ ಕೈ ಹಿಡಿದಳು.

ಕನಕಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ಪಕ್ಕದ ಪರದೆಯ ಮೇಲೆ ಎದೆಬಡಿತದ ಅಂಕಿ ಏರತೊಡಗಿತು.

"ಸಬ್ ಇನ್ಸ್‌ಪೆಕ್ಟರೇ, ಹೇಳಿಕೆ ಮುಗಿಯೋ ತನಕ ನೀವು ಹೊರಗೆ ಇರಬೇಕು," ಎಂದರು ವೀರಭದ್ರಮ್ಮ.

"ಬ್ಯಾಡ್ರಿ." ಕನಕಮ್ಮನ ದನಿ ಒಡೆದಿತ್ತು. "ಅಕಿ ಇಲ್ಲೇ ಇರ್ಲಿ. ಅಕಿ ಮುಂದನಾ ಹೇಳ್ತೀನಿ."

"ಒಳಗೆ ನಿನ್ನ ಯಾರು ಕರೆದರು?" ಎಂದು ವೀರಭದ್ರಮ್ಮ ಕೇಳಿದರು.

"ನಾ ಮೈ ತೊಳಕೊಂಡು ಮನಿಗೆ ಹೊಂಟಿದ್ದೆ. ಹುಲಿಗೇಶಣ್ಣ ಬಂದ. ದಾನೇಶ್ವರಿ ಬಂದಾಳ, ವೆಂಕೋಬ ಬಿದ್ದ ಜಾಗಾ ನೋಡಬೇಕಂತ, ಕ್ವಾಣಿ ಒಳಗ ನಿನ್ನ ಸಲುವಾಗಿ ಕಾಯಾಕತ್ತಾಳ, ಯಾರಿಗೂ ಕಾಣದಂಗ ಬಾ ಅಂದ." ಅವಳು ಉಸಿರು ತೆಗೆದುಕೊಂಡಳು. "ಬ್ಯಾರೆ ಯಾರು ಕರದಿದ್ರೂ ಹೋಗ್ತಿದ್ದಿಲ್ರಿ. ಈಕಿ ಅಂತ ಹ್ವಾದೆ. ಒಳಗ ಹೋಗಿ ಯವ್ವಾ ದಾನೇಶ್ವರಿ, ಯವ್ವಾ ದಾನೇಶ್ವರಿ ಅಂತ ಒದರಿದೆ. ಹಿಂದ ಬಾಗಿಲಾ ಬಿತ್ತು."

ಕೇಳಬೇಡವ್ವಾ ಎಂದು ಮಾಮ ಅಂದದ್ದು ಇದನ್ನೇ.

"ಕನಕಮ್ಮತ್ತಿ, ನಾ ಅವತ್ತು ಅಲ್ಲಿ ಬಂದಾ ಇಲ್ಲ..."

"ಸೋಮವಾರ ಬರಸ್ತೀನಿ ಅನ್ನೂ ಮಾತು ನಾ ಹೇಳಿದ್ದು ನಿನಗ ಒಬ್ಬಾಕಿಗೆ," ಎಂದಳು ಕನಕಮ್ಮ. ಕಣ್ಣಲ್ಲಿ ನೀರಿರಲಿಲ್ಲ. "ಅವನಿಗೆ ಹೆಂಗ ಗೊತ್ತಾತು?"

ದಾನೇಶ್ವರಿ ಮಂಚದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಕನಕಮ್ಮ ತಹಶೀಲ್ದಾರರ ಕಡೆ ತಿರುಗಿದಳು.

"ಬರಕೊಳ್ರಿ ಮೇಡಂ. ಮಾಮಾ ಸೊಸಿ ಇಬ್ರೂ ಕೂಡಿ ಮಾಡ್ಯಾರ."

ವೀರಭದ್ರಮ್ಮ ಬರೆದುಕೊಂಡರು. ಪೆನ್ನು ಕಾಗದದ ಮೇಲೆ ಓಡುವ ಸದ್ದು ಅಷ್ಟು ಜೋರಾಗಿ ಕೇಳಿಸುತ್ತದೆಂದು ದಾನೇಶ್ವರಿಗೆ ಗೊತ್ತಿರಲಿಲ್ಲ. ಬರೆದು ಮುಗಿಸಿ ಅವರು ತಲೆ ಎತ್ತಿದರು.

"ಹುಲಿಗೇಶ ಈಗ ಎಲ್ಲಿದ್ದಾನೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಿನ್ನಿ ನನ್ನ ಮುಂದ ಎಲ್ಲಾ ಒಪ್ಪಿಕೊಂಡಾರ್ರಿ ಮೇಡಂ. ನಾನಾ ಬಿಟ್ಟು ಕಳಿಸೀನಿ."

ಮಂಚದ ಆಚೆ ನಿಂತಿದ್ದ ಮುಕರ್ರಂ ಅವಳ ಕಡೆಯಿಂದ ಮುಖ ತಿರುಗಿಸಿದರು. ಕನಕಮ್ಮ ಕಣ್ಣು ಮುಚ್ಚಿಕೊಂಡಳು. ವೀರಭದ್ರಮ್ಮ ಎದ್ದು, "ನಿಮ್ಮ ಡಿವೈಎಸ್‌ಪಿಗೆ ಈಗಲೇ ಫೋನ್ ಮಾಡ್ತೀನಿ. ನೀವು ಹೊರಗೆ ಕೂತಿರಿ, ಎಲ್ಲೂ ಹೋಗಬಾರದು," ಎಂದರು.

ದಾನೇಶ್ವರಿ ಹೊರಗೆ ಬಂದಳು. ಬೂಟು ಹಾಕಿಕೊಳ್ಳಲೆಂದು ಹಲಗೆಯ ಕಡೆ ಬಗ್ಗಿದಳು. ಬಿಟ್ಟ ಜಾಗದಲ್ಲಿ ಬೂಟು ಇರಲಿಲ್ಲ.

ಬೂಟು ಕಿಟಕಿಯ ಸರಳಿನ ನಡುವೆ ಇದ್ದವು. ಅಂಗಾಲಿಗೆ ಅಂಗಾಲು ಕೂಡಿಸಿ, ಲೇಸು ಎರಡನ್ನೂ ಸುತ್ತಿ ಗಂಟು ಹಾಕಿ, ಬೀಳದ ಹಾಗೆ ಒತ್ತಿ ಇಟ್ಟಿದ್ದರು.

ಅವಳು ಮೆಲ್ಲಗೆ ಹಲಗೆಯ ಕೆಳಸಾಲು ನೋಡಿದಳು. ಡಾಕ್ಟರ ಬೂಟು, ತಹಶೀಲ್ದಾರರ ಚಪ್ಪಲಿ, ಕಾವ್ಯಾಳ ಬಿಳಿ ಚಪ್ಪಲಿ. ಕೊನೆಯಲ್ಲಿ, ಸಾಮಾನು ಕೋಣೆಯ ಕಡೆಯ ಎರಡನೇ ಬಾಗಿಲಿಗೆ ಹತ್ತಿರವಾಗಿ, ಒಂದು ಜೊತೆ ಟೈರಿನ ಚಪ್ಪಲಿ. ಬಲಗಾಲಿನ ಪಟ್ಟಿಗೆ ಸುತಳಿಯ ದಪ್ಪ ಹೊಲಿಗೆ.

ಚಪ್ಪಲಿ ಹೊರಗಿತ್ತು. ಅಂದರೆ ಮನುಷ್ಯ ಒಳಗಿದ್ದ.